ಮೇ ಹನ್ನೊಂದರ ಮೇವು

ವೇದವತಿಯವರ ಮನೆಯಲ್ಲಿ ಎರಡು ತಕ್ಕಡಿಗಳಿದ್ದವು. ಒಂದು ಅಡುಗೆಮನೆಯ ಕಟ್ಟೆಯ ಮೇಲಿನದು, ಉಪ್ಪಿನಕಾಯಿಯ ಸಾಸಿವೆ ತೂಗುವಷ್ಟು ಸಣ್ಣದು. ಇನ್ನೊಂದು ಗರಾಜಿನ ತೊಲೆಯಿಂದ ನೇತಾಡುತ್ತಿದ್ದ ಕೊಕ್ಕೆಯ ತಕ್ಕಡಿ, ಐವತ್ತು ಪೌಂಡಿನವರೆಗೆ ತೂಗುವಂಥದು. ಎರಡನೆಯದು ಮನೆಗೆ ಬಂದದ್ದು 1985ರ ನವೆಂಬರಿನಲ್ಲಿ, ಹದಿನಾಲ್ಕು ವರ್ಷದ ಮಗಳು ಊರ್ಮಿಳಾ ಹೋರಿ ಸಾಕುತ್ತೇನೆಂದು ಹಟ ಹಿಡಿದು ಗೆದ್ದ ವಾರ.

ವೇದವತಿ ಮೈಸೂರಿನವರು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಒಂಬತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಹುಡುಗಿಯರಿಗೆ ಅವರು ಪ್ರತಿ ವರ್ಷವೂ ಹೇಳುತ್ತಿದ್ದ ಮಾತು ಒಂದೇ: "ಬರೆದಿಡದ ತೂಕ ತೂಕವಲ್ಲ, ಬರೀ ಅಭಿಪ್ರಾಯ." ಗಂಡ ದ್ವಾರಕಾನಾಥರಿಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಅಮೆರಿಕಕ್ಕೆ ಬಂದರು, ಮನೆ ಅಗ್ಗವೆಂದು ಗುಡ್ಡದ ಆಚೆಯ ಡಬ್ಲಿನ್ನಿನಲ್ಲಿ ನೆಲೆಸಿದರು. ಪಕ್ಕದ ಊರಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ವೇದವತಿಯವರಿಗೆ ಮಧ್ಯಾಹ್ನದ ಅರ್ಧ ದಿನದ ಕೆಲಸವಿತ್ತು. ಅಲ್ಲಿಯೂ ಅವರ ಬರಹದ ಪುಟದಲ್ಲಿ ತಿದ್ದಿದ ಅಂಕಿ ಕಾಣುತ್ತಿರಲಿಲ್ಲ.

ಆ ಕಾಲಕ್ಕೆ ಡಬ್ಲಿನ್ನಿನಲ್ಲಿ ಹೊಸ ಮನೆಗಳ ಸಾಲು ಮುಗಿದೊಡನೆ ಹುಲ್ಲುಗಾವಲು ಶುರುವಾಗುತ್ತಿತ್ತು. ಆರು ಮೈಲಿ ದೂರದ ಕಣಿವೆಯಲ್ಲಿ ಸಿಲ್ವೇರಾ ಎಂಬ ಅರವತ್ತೈದರ ಪೋರ್ಚುಗೀಸ್ ಮೂಲದ ರೈತನ ದನದ ಕೊಟ್ಟಿಗೆಯಿತ್ತು. ಶಾಲೆಯ ಮಕ್ಕಳು ಕರು, ಹಂದಿ, ಕುರಿಗಳನ್ನು ಸಾಕಿ ಜೂನ್ ಕೊನೆಯ ಜಿಲ್ಲಾ ಮೇಳದಲ್ಲಿ ಸ್ಪರ್ಧೆಗೆ ನಿಲ್ಲಿಸುವ ಕ್ಲಬ್ಬೊಂದಕ್ಕೆ ಆತನೇ ಮುಖಂಡ. ಊರ್ಮಿಳಾಳ ಗೆಳತಿಯರಿಬ್ಬರು ಅದರಲ್ಲಿದ್ದರು, ಅವಳೂ ಸೇರಿದಳು.

"ಕೊನೇಲಿ ಮಾರಿಬಿಡ್ತಾರೆ ಅಮ್ಮ, ಫೇರ್ ಆದ್ಮೇಲೆ. ಮಾಂಸಕ್ಕೆ. ಯು ನೋ ದಟ್, ರೈಟ್?" ಎಂದು ಮಗಳು ಮೊದಲ ದಿನವೇ ಬಿಚ್ಚಿ ಹೇಳಿದ್ದಳು.

"ಗೊತ್ತು. ಆಗಿನದು ಆಗ ನೋಡೋಣ."

"ನಮ್ಮ ವಂಶದಲ್ಲಿ ದನ ಕಾಯೋಕೆ ಹೋಗು ಅಂತ ಬೈಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ," ಎಂದರು ದ್ವಾರಕಾನಾಥರು ಪೇಪರಿನಿಂದ ತಲೆ ಎತ್ತದೆ. "ನಿಜವಾಗಿ ಹೋಗ್ತಿರೋಳು ನೀನೊಬ್ಬಳೇ. ಹೋಗು ಮಗಳೇ, ಹೆಸರು ಉಳಿಸು."

ಒಪ್ಪಿಗೆಯ ಕಾಗದದಲ್ಲಿ ಎಲ್ಲವೂ ಸ್ಪಷ್ಟವಾಗಿ ಅಚ್ಚಾಗಿತ್ತು: ಬೀಜ ಒಡೆಸಿದ ಹೋರಿ, ತೂಕದ ವರ್ಗ, ಸಾವಿರ ಪೌಂಡಿಗಿಂತ ಕಡಿಮೆಯಿದ್ದರೆ ಪ್ರವೇಶವಿಲ್ಲ, ಸ್ಪರ್ಧೆಯ ನಂತರ ಹರಾಜು, ಹರಾಜಿನ ನಂತರ ಕಸಾಯಿಖಾನೆ. ವೇದವತಿ ಮೂರು ಸಲ ಓದಿ, ಗೆರೆಯ ಮೇಲೆ ಸಹಿ ಹಾಕಿ ತಾರೀಖು ಬರೆದರು. ತಿಳಿಯದೆ ಮಾಡಿದೆನೆಂದು ಹೇಳುವ ಅವಕಾಶವನ್ನು ಅವರು ಅಂದೇ ಕಳೆದುಕೊಂಡಿದ್ದರು.

ಹೋರಿಗೆ ಕಪ್ಪು ಮೈ, ಬಿಳಿ ಮುಖ. ಬಂದ ದಿನದ ತೂಕ ಐನೂರ ಅರವತ್ತು ಪೌಂಡು. ಊರ್ಮಿಳಾ ಬಸ್ಟರ್ ಎಂದು ಹೆಸರಿಟ್ಟಳು. ಸಂಜೆಯ ಮೇವು ಅವಳದು. ಬೆಳಿಗ್ಗೆ ಶಾಲೆಯ ಬಸ್ಸು ಬೇಗ ಬರುತ್ತಿದ್ದುದರಿಂದ ಬೆಳಗಿನ ಮೇವಿಗೆ ತಾಯಿ ಹೋಗಬಹುದೆಂದು ಸಿಲ್ವೇರಾ ಒಪ್ಪಿದ್ದರು. ಹಾಗೆ ಆ ಪ್ರಾಣಿ ಅರ್ಧ ವೇದವತಿಯವರದೂ ಆಯಿತು.

ಮೇವಿನ ಲೆಕ್ಕವನ್ನು ಅವರು ಪ್ರಯೋಗಾಲಯದ ಶಿಸ್ತಿನಿಂದಲೇ ಹಿಡಿದರು. ಚಪ್ಪಟೆ ಮಾಡಿದ ಬಾರ್ಲಿ ಇಷ್ಟು, ಮೆಕ್ಕೆಜೋಳ ಇಷ್ಟು, ಸಕ್ಕರೆ ತೆಗೆದ ಬೀಟ್ ಗೆಡ್ಡೆಯ ಒಣ ಹಿಪ್ಪೆ ಇಷ್ಟು. ಜೊತೆಗೆ ಓಟ್ಸ್ ಹುಲ್ಲು. ಕಾಳನ್ನು ಏರಿಸುವುದು ಮೂರು ದಿನಕ್ಕೊಮ್ಮೆ, ಅದೂ ಒಂದು ಪೌಂಡಿಗಿಂತ ಹೆಚ್ಚಲ್ಲ. "ದನದ ಹೊಟ್ಟೆಯೊಳಗೆ ಒಂದು ಹುಳಿಹಿಟ್ಟಿನ ಪಾತ್ರೆ ಇದೆ ಅಂತ ತಿಳ್ಕೋ," ಎಂದು ಮಗಳಿಗೆ ವಿವರಿಸಿದ್ದರು. "ಒಂದೇ ಸಲ ಸಿಹಿ, ಹಿಟ್ಟು ಸುರಿದರೆ ಉಕ್ಕಿ ಹುಳಿಯಾಗಿಬಿಡತ್ತೆ. ನಿಧಾನವಾಗಿ ಒಗ್ಗಿಸಬೇಕು." ಶನಿವಾರ ಸಿಲ್ವೇರಾರ ಕಟಕಟೆಯ ತಕ್ಕಡಿಗೆ ಬಸ್ಟರನನ್ನು ಹತ್ತಿಸುವುದು, ವಾರದ ಏರಿಕೆಯನ್ನು ಏಳರಿಂದ ಭಾಗಿಸಿ ಬರೆಯುವುದು. ಕ್ಲಬ್ಬಿನ ಹಸಿರು ರಟ್ಟಿನ ದಾಖಲೆ ಪುಸ್ತಕಕ್ಕೂ ಮೇಳದಲ್ಲಿ ಅಂಕಗಳಿದ್ದವು. ಸಂಜೆಯ ಸಾಲು ಮಗಳ ದುಂಡು ಅಕ್ಷರ, ಬೆಳಗಿನ ಸಾಲು ತಾಯಿಯ ಓರೆ ಅಕ್ಷರ. "ಇಪ್ಪತ್ತು ವರ್ಷದಲ್ಲಿ ಇಂಥ ಪುಸ್ತಕ ನೋಡಿಲ್ಲ," ಎಂದು ಸಿಲ್ವೇರಾ ಒಮ್ಮೆ ಎಲ್ಲರ ಮುಂದೆ ಅದನ್ನು ಎತ್ತಿ ತೋರಿಸಿದಾಗ ವೇದವತಿಗೆ ತುಂಬಾ ವರ್ಷಗಳ ನಂತರ ತಾನು ಯಾರೋ ಆಗಿದ್ದೇನೆ ಎನ್ನಿಸಿತು.

ಇಷ್ಟೆಲ್ಲ ಬರೆದಿಟ್ಟವರು ಒಂದು ಮಾತನ್ನು ಮಾತ್ರ ತೂಗದೆ ಆಡಿದರು. ಸಂಕ್ರಾಂತಿಯ ದಿನ ಸಾಂಟಾ ಕ್ಲಾರಾದ ಜಲಜಾ ಅವರ ಮನೆಯಲ್ಲಿ ಎಳ್ಳು ಬೀರಲು ಹೆಂಗಸರು ಸೇರಿದ್ದರು. ಜಲಜಾ ಬೆಂಗಳೂರಿನವರು, ಕನ್ನಡ ಸಂಘದ ಓಡಾಟವೆಲ್ಲ ಅವರದೇ. ಊರ್ಮಿಳಾ ಯಾಕೆ ಬರಲಿಲ್ಲವೆಂದು ಯಾರೋ ಕೇಳಿದರು.

"ಒಂದು ದನ ಸಾಕಿದೀವಿ. ಅದಕ್ಕೆ ಮೇವು ಹಾಕೋಕೆ ಹೋಗಿದಾಳೆ."

"ದನಾನಾ! ಹಸು ಸಾಕಿದೀರಾ ಡಬ್ಲಿನ್ನಲ್ಲಿ?" ಜಲಜಾ ಎಳ್ಳಿನ ತಟ್ಟೆ ಕೆಳಗಿಟ್ಟರು. "ಏನು ಪುಣ್ಯ ಮಾಡಿದೀರ್ರೀ ವೇದಾ! ನಮಗಿಲ್ಲಿ ಸಂಕ್ರಾಂತಿಗೆ ಹಸು ನೋಡಬೇಕು ಅಂದ್ರೆ ಹಾಲಿನ ಕಾರ್ಟನ್ ಮೇಲಿನ ಚಿತ್ರಾನೇ ಗತಿ."

ಎಲ್ಲರೂ ನಕ್ಕರು. ವೇದವತಿಯೂ ನಕ್ಕರು. ಹೋರಿ ಎಂದು ತಿದ್ದಬಹುದಿತ್ತು. ತಿದ್ದಿದ್ದರೆ ಯಾತಕ್ಕೆ ಎಂಬ ಪ್ರಶ್ನೆ ಬರುತ್ತಿತ್ತು. ಅವರು ಕಬ್ಬಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. ಅಂದಿನಿಂದ ಡಬ್ಲಿನ್ನಿನಲ್ಲಿ ವೇದವತಿಯವರ ಹಸುವಿದೆ ಎಂಬುದು ಊರಿಗೆಲ್ಲ ಗೊತ್ತಾದ ವಿಷಯವಾಯಿತು.

ಮೇ ಮೊದಲ ವಾರದಲ್ಲಿ ಜಲಜಾರ ಫೋನು ಬಂತು. "ಭಾನುವಾರ ಅಕ್ಷಯ ತದಿಗೆ, ಬಸವ ಜಯಂತೀನೂ ಅವತ್ತೇ. ನಾವು ಎಂಟು ಜನ ಲೇಡೀಸು ಬರ್ತೀವಿ, ಗೋಪೂಜೆಗೆ. ಅಡುಗೆ ಎಲ್ಲ ನಾವೇ ತರ್ತೀವಿ, ನೀವು ಹಸು ಒಂದು ರೆಡಿ ಇಟ್ಟಿರಿ."

ಭಾನುವಾರ ಊರ್ಮಿಳಾಳ ಶಾಲೆಯ ಬ್ಯಾಂಡಿನವರ ಕಾರ್ಯಕ್ರಮ ಸ್ಯಾಕ್ರಮೆಂಟೋದಲ್ಲಿತ್ತು, ಅಪ್ಪನೇ ಕರೆದೊಯ್ಯುವವರು. ಅಮೆರಿಕದ ಅಮ್ಮಂದಿರ ದಿನವೂ ಅದೇ ಆದ್ದರಿಂದ ಸಿಲ್ವೇರಾ ಮಗಳ ಮನೆಗೆ ಊಟಕ್ಕೆ ಹೋಗುವವರಿದ್ದರು. ಬೇಡವೆನ್ನಲು ಕಾರಣವೊಂದನ್ನು ಹುಡುಕುತ್ತಿದ್ದ ವೇದವತಿಗೆ, ಆಗಲಿ ಎನ್ನಲು ಎರಡು ಅನುಕೂಲಗಳು ಸಿಕ್ಕವು. "ಬನ್ನಿ," ಎಂದುಬಿಟ್ಟರು.

ಮೇ ಹನ್ನೊಂದು. ಬೆಳಿಗ್ಗೆ ಏಳಕ್ಕೆ ಎಂದಿನಂತೆ ಹತ್ತು ಪೌಂಡು ಕಾಳು ಹಾಕಿದ್ದಾಗಿತ್ತು. ಹನ್ನೊಂದು ಗಂಟೆಗೆ ಕೊಟ್ಟಿಗೆಯ ಮುಂದೆ ಮೂರು ಕಾರುಗಳು ಬಂದು ನಿಂತವು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಟೆನ್ನಿಸ್ ಶೂ ಹಾಕಿದ ಹೆಂಗಸರು ಇಳಿದರು. ದೊಡ್ಡ ಪಾತ್ರೆಯಲ್ಲಿ ತುಪ್ಪದ ಹುಗ್ಗಿ, ಬಕೆಟ್ಟಿನಲ್ಲಿ ನೆನೆಸಿದ ಕಡಲೆ, ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಿಂದ ತಂದ ಬೆಲ್ಲದ ಅಚ್ಚುಗಳು, ಮೂರೂವರೆ ಡಜನ್ ಬಾಳೆಹಣ್ಣು. ಅವರ ಜೊತೆಗೆ ಮಂಡ್ಯದ ಕಡೆಯಿಂದ ಮಗ ರಮೇಶನ ಮನೆಗೆ ಆರು ತಿಂಗಳಿಗೆ ಬಂದಿದ್ದ ಮರಿತಾಯಮ್ಮನೂ ಇದ್ದರು, ಎಪ್ಪತ್ತರ ಹತ್ತಿರದವರು.

"ಎಷ್ಟು ಲೀಟರ್ ಕೊಡತ್ತೆ ವೇದಾ, ದಿನಕ್ಕೆ?" ಎಂದರು ಜಲಜಾ, ಕುಂಕುಮದ ಬಟ್ಟಲು ಹಿಡಿದು.

"ಇನ್ನೂ... ಇಲ್ಲ."

ಮರಿತಾಯಮ್ಮ ಕಟಕಟೆಯ ಸಂದಿನಿಂದ ಬಗ್ಗಿ ನೋಡಿದರು. ಒಳಗೆ ಕೈಹಾಕಿ ಪಕ್ಕೆಲುಬಿನ ಮೇಲೆ, ಬಾಲದ ಬುಡದಲ್ಲಿ ಒತ್ತಿ ನೋಡಿದರು. ಬದುಕಿಡೀ ದನ ಕಟ್ಟಿದವರ ಕೈ ಅದು. ಆಮೇಲೆ ವೇದವತಿಯ ಬಳಿ ಬಂದು, ಉಳಿದವರಿಗೆ ಕೇಳದಂತೆ ಹೇಳಿದರು:

"ಇದು ಹಸ ಅಲ್ಲ ಕಣವ್ವ. ಬೀಜ ಒಡ್ಸಿರೋ ಹೋರಿ."

"ಹೌದು, ಅಮ್ಮ."

"ಗಾಡಿ ಹೂಡಾಕಿಲ್ಲ, ಹೊಲ ಉಳಾಕಿಲ್ಲ. ಗೇಯ್ಮೆ ಇಲ್ದಿರೋ ಎತ್ತಿಗೆ ಇಷ್ಟೊಂದು ಕೊಬ್ಬು ಯಾಕವ್ವ?"

ಮರಿತಾಯಮ್ಮ ವೇದವತಿಯ ಮುಖವನ್ನೇ ನೋಡಿದರು. ಉತ್ತರ ಅಲ್ಲೇ ಸಿಕ್ಕಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಆಯ್ತು ಬುಡು," ಎಂದು ದೂರದ ಹುಲ್ಲಿನ ಕಟ್ಟಿನ ಮೇಲೆ ಹೋಗಿ ಕುಳಿತರು. ಆರತಿಗೆ ಕರೆದರೂ ಎದ್ದು ಬರಲಿಲ್ಲ. ಹುಗ್ಗಿಯ ಪಾತ್ರೆಯನ್ನು ಮೇವಿನ ತೊಟ್ಟಿಗೆ ಸುರಿಯುವಾಗ ಮಾತ್ರ ಅಲ್ಲಿಂದಲೇ ಕೂಗಿದರು: "ಅಷ್ಟೊಂದು ಹಾಕ್‌ಬ್ಯಾಡ್ರವ್ವ, ಒಟ್ಟೆ ಉಬ್ಬರಿಸ್ತದೆ! ಒಂದೊಂದು ತುತ್ತು ಸಾಕು!"

"ಹಬ್ಬ ಅಲ್ವಾ ಅಜ್ಜಿ, ವರ್ಷಕ್ಕೊಂದು ಸಲ!" ಎಂದರು ಜಲಜಾ.

ಅಜ್ಜಿ ಹೇಳಿದ್ದು ಸರಿಯೆಂದು ಅಲ್ಲಿದ್ದವರಲ್ಲಿ ವೇದವತಿಯೊಬ್ಬರಿಗೇ ಗೊತ್ತಿತ್ತು. ಹುಳಿಹಿಟ್ಟಿನ ಪಾತ್ರೆಯ ಹೋಲಿಕೆ ಅವರದೇ. ಅವರು ಬಾಯಿ ತೆರೆದರು. ಬೇಡವೆಂದರೆ ಏಕೆನ್ನುತ್ತಾರೆ, ತೂಕ ಕೆಡುತ್ತದೆಂದರೆ, ಹಸುವಿನ ತೂಕ ಯಾರಿಗೆ ಬೇಕು ಎನ್ನುತ್ತಾರೆ. ತೆರೆದ ಬಾಯಿಂದ ಬಂದ ಮಾತು, "ಬಾಳೆಹಣ್ಣಿನ ಸಿಪ್ಪೆ ತೆಗೀಬೇಕಾಗಿಲ್ಲ," ಎಂದು. ಬಸ್ಟರ್ ಎಲ್ಲವನ್ನೂ ತಿಂದ. ಬಿಳಿ ಮುಖದ ತುಂಬ ಅರಿಶಿನ ಕುಂಕುಮ. ಎಂಟು ಜನವೂ ಪ್ರದಕ್ಷಿಣೆ ಬಂದು, ಅವನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅವರು ಹೋದ ಮೇಲೆ ವೇದವತಿ ತೊಟ್ಟಿಯನ್ನು ತೊಳೆದರು, ನೆಲ ಗುಡಿಸಿದರು, ಬಸ್ಟರನ ಮುಖವನ್ನು ಬಟ್ಟೆಯಿಂದ ತಿಕ್ಕಿದರು. ಕುಂಕುಮದ ನಸುಗೆಂಪು ಪೂರ್ತಿ ಹೋಗಲಿಲ್ಲ. ಐದು ಗಂಟೆಗೆ ಸಂಜೆಯ ಮೇವಿನ ಹೊತ್ತಾಯಿತು. ಅಪ್ಪ ಮಗಳು ಬರುವುದು ತಡವೆಂದು ಅದನ್ನೂ ಇವರೇ ಹಾಕಬೇಕಿತ್ತು. ಕಾಳು ಬಿಟ್ಟು ಬರೀ ಹುಲ್ಲು ಹಾಕುವುದೇ ಸರಿ ಎಂದು ಅವರಿಗೆ ಹೊಳೆಯದೆ ಇರಲಿಲ್ಲ. ಆದರೆ ಕಡಿಮೆ ಹಾಕಿದರೆ ಕಡಿಮೆಯೆಂದು ಬರೆಯಬೇಕು, ಬರೆದರೆ ಕಾರಣ ಬರೆಯಬೇಕು. ಅವರು ಹತ್ತು ಪೌಂಡು ತೂಗಿ ಹಾಕಿದರು. ಕಾಳಿನ ಡಬ್ಬದ ಮುಚ್ಚಳ ಹಾಕಿ ಚಿಲಕ ಬಿಗಿದರು; ಪಕ್ಕದ ತುಂಬಿದ ಡಬ್ಬದ ಚಿಲಕ ಬಿಗಿದೇ ಇತ್ತು. ಪುಸ್ತಕದಲ್ಲಿ ಬರೆದರು: "ಬೆಳಿಗ್ಗೆ 10. ಸಂಜೆ 10." ಆ ಪುಟದಲ್ಲಿ ಸುಳ್ಳಿನ ಅಂಕಿ ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಹೋದಾಗ ಬಸ್ಟರ್ ತಲೆ ತಗ್ಗಿಸಿ ನಿಂತಿದ್ದ. ಎಡಪಕ್ಕೆ ತಮಟೆಯಂತೆ ಬಿಗಿದಿತ್ತು. ಹಲ್ಲು ಕಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಸಗಣಿ ನೀರಾಗಿ, ಹುಳಿ ವಾಸನೆ. ಸಿಲ್ವೇರಾ ಪಶುವೈದ್ಯರನ್ನು ಕರೆಸಿದರು. ಗಂಟಲಿಗೆ ಕೊಳವೆ ಇಳಿಸಿ ಗಾಳಿ ಬಿಡಿಸಿದರು. ಎಣ್ಣೆ, ನೀರಿನಲ್ಲಿ ಕದಡಿದ ಅಡುಗೆ ಸೋಡಾ ಹೊಯ್ದರು. ಆಮ್ಲಕ್ಕೆ ಕ್ಷಾರ: ಮೊದಲ ವರ್ಷದ ಹುಡುಗಿಯರಿಗೆ ವೇದವತಿ ಕಲಿಸುತ್ತಿದ್ದ ಪಾಠ.

"ಹೊಸದೇನಾದರೂ ತಿಂದಿದೆಯೇ?" ಎಂದು ವೈದ್ಯರು ಕೇಳಿದರು.

ಸಿಲ್ವೇರಾ ವೇದವತಿಯತ್ತ ತಿರುಗಿದರು. "ಮಿಸೆಸ್ ನಾಥ್, ನಿನ್ನೆ ಇಲ್ಲಿದ್ದವರು ನೀವು."

"ನನಗೆ ತಿಳಿದ ಮಟ್ಟಿಗೆ ಏನೂ ಇಲ್ಲ," ಎಂದರು ವೇದವತಿ. ಅವರ ಇಂಗ್ಲಿಷು ಯಾವಾಗಲೂ ಅಚ್ಚುಕಟ್ಟು. ಅಂದೂ ಒಂದು ಪದವೂ ತಡವರಿಸಲಿಲ್ಲ. ಎಷ್ಟೋ ದಿನಗಳ ಮೇಲೆ ನೆನೆದಾಗ ಅವರನ್ನು ಹೆಚ್ಚು ಸುಟ್ಟದ್ದು ಅದೇ.

"ಹಾಗಾದರೆ ರಾತ್ರಿ ಕಾಳಿನ ಡಬ್ಬಕ್ಕೆ ಬಾಯಿ ಹಾಕಿದೆ," ಎಂದರು ವೈದ್ಯರು. ತುಂಬಿಟ್ಟಿದ್ದ ಎರಡನೆಯ ಡಬ್ಬ ಕಟಕಟೆಗೆ ಒರಗಿಯೇ ಇತ್ತು. ಶನಿವಾರ ಸಂಜೆ ಹೊಸ ಚೀಲ ಬಿಚ್ಚಿ ಅದನ್ನು ತುಂಬಿದವಳು ಊರ್ಮಿಳಾ. ಚಿಲಕ ಬಿಗಿಯದೆ ಹೋಗಿರಬೇಕು, ದನ ಮುಚ್ಚಳ ಎತ್ತಿರಬೇಕು, ಬೆಳಿಗ್ಗೆ ಮುಚ್ಚಳವೂ ಚಿಲಕವೂ ತಾವಾಗಿ ಬಿದ್ದಿರಬೇಕು. ಯಾರೂ ಯಾರನ್ನೂ ಬೈಯಲಿಲ್ಲ. ಕಾರಣ ಸಿಕ್ಕಿತೆಂದು ಎಲ್ಲರೂ ಸುಮ್ಮನಾದರು.

ಮಧ್ಯಾಹ್ನ ಓಡಿ ಬಂದ ಊರ್ಮಿಳಾ ಬಸ್ಟರನ ಕತ್ತು ಹಿಡಿದು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅವನ ಹಣೆಯನ್ನು ಬೆರಳಿನಿಂದ ಉಜ್ಜಿ, "ಇದೇನಮ್ಮ, ಪಿಂಕ್?" ಎಂದಳು.

ಮೂಲೆಯಲ್ಲಿ ದನ ನೆಕ್ಕುವ ಕೆಂಪು ಉಪ್ಪಿನ ಗಟ್ಟಿಯಿತ್ತು. "ಉಪ್ಪಿನ ಬಣ್ಣ," ಎಂದರು ತಾಯಿ.

ಬಸ್ಟರ್ ಬದುಕಿದ. ಆದರೆ ಮೇ ಹತ್ತರಂದು ಒಂಬೈನೂರ ಎಂಬತ್ತನಾಲ್ಕು ಪೌಂಡಿದ್ದವನು ಮುಂದಿನ ಶನಿವಾರ ಒಂಬೈನೂರ ಇಪ್ಪತ್ತೊಂದಕ್ಕೆ ಇಳಿದಿದ್ದ. ಹತ್ತು ದಿನ ಬರೀ ಹುಲ್ಲು; ಆಮೇಲೆ ಕಾಳು, ಎರಡು ಪೌಂಡಿನಿಂದ ಮತ್ತೆ ಮೊದಲಾಗಿ. ಅವಸರ ಮಾಡಿದರೆ ಇನ್ನೊಮ್ಮೆ ಬೀಳುತ್ತಾನೆ; ನಿಧಾನ ಮಾಡಿದರೆ ಜೂನ್ ಇಪ್ಪತ್ತೆಂಟಕ್ಕೆ ಸಾವಿರ ಮುಟ್ಟುವುದಿಲ್ಲ. ಊರ್ಮಿಳಾ ಗೋಡೆಯ ಮೇಲಿನ ಗ್ರಾಫಿನಲ್ಲಿ ಕಡಿದಾದ ಗೆರೆಯೊಂದನ್ನು ಪೆನ್ಸಿಲಿನಲ್ಲಿ ಎಳೆದು, ಅದರ ಮುಂದೆ ದಿನವೂ ನಿಲ್ಲುತ್ತಿದ್ದಳು.

ಮೇ ಕೊನೆಯಲ್ಲಿ ಕ್ಲಬ್ಬಿನ ಸಭೆ. ಸಿಲ್ವೇರಾ ಕೆಟ್ಟ ಮನುಷ್ಯನಲ್ಲ; ಸಣ್ಣ ಮಕ್ಕಳಿಗೆ ಪಾಠವಾಗಲೆಂದು, ಡಬ್ಬದ ಚಿಲಕದ ಬಗ್ಗೆ ಐದು ನಿಮಿಷ ಮಾತನಾಡಲು ಊರ್ಮಿಳಾಳಿಗೆ ಹೇಳಿದರು. ಇಪ್ಪತ್ತು ಮಕ್ಕಳು, ಅವರ ತಂದೆತಾಯಿಗಳು. ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, "ನಾನು ಎರಡು ಸಲ ನೋಡ್ತೀನಿ. ನೀನು ನೋಡಲಿಲ್ಲವಾ?" ಎಂದಳು. "ಇಲ್ಲ, ನೋಡಲಿಲ್ಲ," ಎಂದಳು ಊರ್ಮಿಳಾ, ಕಿವಿಯವರೆಗೆ ಕೆಂಪಾಗಿ. ಹಿಂದಿನ ಸಾಲಿನ ಮಡಚುವ ಕುರ್ಚಿಯಲ್ಲಿ ಕುಳಿತ ವೇದವತಿ ಕೈಚೀಲದ ಹಿಡಿಯ ಹೊಲಿಗೆಯನ್ನು ಎಣಿಸುತ್ತಿದ್ದರು. ಎದ್ದು ನಿಲ್ಲಲು ಬೇಕಾದದ್ದು ಎರಡು ಕಾಲು ಮಾತ್ರ. ಅವರು ಏಳಲಿಲ್ಲ.

ಕಾರಿನಲ್ಲಿ ದ್ವಾರಕಾನಾಥರು ಸಮಾಧಾನಕ್ಕೆಂದು, "ಹೋಗಲಿ ಬಿಡು ಪುಟ್ಟಿ. ನಾನು ಕಂಪನೀಲಿ ಒಂದು ಸಲ ಇಡೀ ಬ್ಯಾಚು ಹಾಳು ಮಾಡಿದ್ದೆ. ಅವರು ಭಾಷಣ ಮಾಡಿಸಲಿಲ್ಲ, ಅಷ್ಟೇ," ಎಂದರು. ಯಾರೂ ನಗಲಿಲ್ಲ.

ಜೂನ್ ಎರಡನೆಯ ವಾರ ಕನ್ನಡ ಸಂಘದ ವಾರ್ತಾಪತ್ರ ಅಂಚೆಯಲ್ಲಿ ಬಂತು. ಎರಡನೆಯ ಪುಟದಲ್ಲಿ ನಾಲ್ಕು ಸಾಲು: ಡಬ್ಲಿನ್ನಿನ ಶ್ರೀಮತಿ ವೇದವತಿಯವರು ಸಾಕಿರುವ ಗೋಮಾತೆಗೆ ಸುಮಂಗಲಿಯರು ಭಕ್ತಿಯಿಂದ ಪೂಜೆ ಸಲ್ಲಿಸಿ ನೈವೇದ್ಯ ಅರ್ಪಿಸಿದರು. ಅವರು ಅದನ್ನು ಮಡಿಚಿ ಅಕ್ಕಿ ಚೀಲದ ಕೆಳಗೆ ಇಟ್ಟರು. ಹುಟ್ಟಿದಾಗಿನಿಂದ ಕಾಗದವನ್ನು ಜೋಪಾನ ಮಾಡಿದವರು, ಬಚ್ಚಿಟ್ಟದ್ದು ಅದೇ ಮೊದಲು.

ದಾಖಲೆ ಪುಸ್ತಕವನ್ನು ಜೂನ್ ಇಪ್ಪತ್ತರಂದು ಪರಿಶೀಲನೆಗೆ ಸಿಲ್ವೇರಾರಿಗೆ ತೋರಿಸಬೇಕಿತ್ತು. ಹಿಂದಿನ ದಿನ, ಮಗಳು ಸ್ನಾನಕ್ಕೆ ಹೋಗಿದ್ದಾಗ, ಮೊತ್ತಗಳನ್ನು ಪರಿಶೀಲಿಸಲೆಂದು ವೇದವತಿ ಅದನ್ನು ತೆರೆದರು. ಕೊನೆಯಲ್ಲಿ 'ನಾನು ಕಲಿತದ್ದು' ಎಂಬ ಪುಟವಿತ್ತು. ಊರ್ಮಿಳಾ ಇಂಗ್ಲಿಷಿನಲ್ಲಿ ಬರೆದಿದ್ದಳು: "ಮೇ ಹನ್ನೊಂದರಂದು ಬಸ್ಟರನಿಗೆ ಹೊಟ್ಟೆ ಕೆಟ್ಟದ್ದು ನನ್ನ ತಪ್ಪಿನಿಂದ. ನಾನು ಚಿಲಕ ಹಾಕಲಿಲ್ಲ. ಹಾಕಿದ ಹಾಗೆ ನನಗೆ ನೆನಪಿದೆ. ಆದರೆ ನೆನಪು ಅಭಿಪ್ರಾಯ ಮಾತ್ರ. ದಾಖಲೆಯೇ ಸತ್ಯ ಎಂದು ನನ್ನ ಅಮ್ಮ ಹೇಳಿಕೊಟ್ಟಿದ್ದಾರೆ. ಅಮ್ಮನ ದಾಖಲೆಯಲ್ಲಿ ಬೇರೆ ಯಾವ ಕಾರಣವೂ ಇಲ್ಲ."

ವೇದವತಿ ಅದನ್ನು ಒಂದೇ ಸಲ ಓದಿದರು. ಒಲೆಯ ಮೇಲಿನ ಕುಕ್ಕರು ಎಷ್ಟು ಸಲ ಕೂಗಿತೋ ಅವರಿಗೆ ತಿಳಿಯಲಿಲ್ಲ. ಆಮೇಲೆ ಹೋಗಿ ಒಲೆ ಆರಿಸಿ, ಪೆನ್ನು ತಂದು, ಮೇ ಹನ್ನೊಂದರ ಪುಟ ತೆಗೆದು, ಖಾಲಿಯಿದ್ದ ಅಂಚಿನಲ್ಲಿ ಇಂಗ್ಲಿಷಿನಲ್ಲೇ ಬರೆದರು:

"ಇದೇ ದಿನ ಬೆಳಿಗ್ಗೆ 11:30. ಹುಗ್ಗಿ: ಅಕ್ಕಿ ಮತ್ತು ಬೇಳೆ ಸೇರಿ ಒಣ ತೂಕ ಸುಮಾರು 11 ಪೌಂಡು. ಬೆಲ್ಲ 6. ನೆನೆಸಿದ ಕಡಲೆ 5. ಬಾಳೆಹಣ್ಣು 42. ತಿನ್ನಿಸಿದವರು ನಾನು ಮತ್ತು ನನ್ನ ಎಂಟು ಅತಿಥಿಗಳು. ಅಪಾಯ ನನಗೆ ಗೊತ್ತಿತ್ತು. ಸಂಜೆ ಪೂರ್ತಿ ಮೇವು ಹಾಕಿದ್ದೂ ನಾನೇ. ಎರಡೂ ಡಬ್ಬಗಳ ಚಿಲಕ ಹಾಕಿತ್ತು. ಕೇಳಿದಾಗ ನಾನು ಸುಳ್ಳು ಹೇಳಿದೆ."

ಕೆಳಗೆ ಸಹಿ, ತಾರೀಖು. ತಾರೀಖು ಜೂನ್ ಹತ್ತೊಂಬತ್ತು.

ಊರ್ಮಿಳಾ ಒದ್ದೆ ಕೂದಲಿನಲ್ಲಿ ನಿಂತೇ ಅದನ್ನು ಓದಿದಳು. ಓದಿ ಮುಗಿದರೂ ತಲೆ ಎತ್ತಲಿಲ್ಲ.

"ನಾನು ಚಿಲಕ ಹಾಕಿದ್ದೆ," ಎಂದಳು.

"ಹಾಕಿದ್ದೆ."

"ಆ ಎಂಟು ವರ್ಷದ ಹುಡುಗಿ ಕೇಳಿದಾಗ... ಯು ವರ್ ಸಿಟಿಂಗ್ ರೈಟ್ ದೇರ್."

"ಹೌದು. ಅಲ್ಲೇ ಇದ್ದೆ."

"ವೈ?"

ವೇದವತಿಗೆ ಹೇಳಲು ತುಂಬಾ ಇತ್ತು: ಎಳ್ಳಿನ ತಟ್ಟೆ, ಹಾಲಿನ ಕಾರ್ಟನ್ನು, ಎಲ್ಲರ ನಗು. ಹೇಳಹೊರಟರೆ ಒಂದೊಂದೂ ನೆವದಂತೆ ಕೇಳಿಸುತ್ತದೆಂದು ತಿಳಿಯಿತು. "ನೀನು ಮಾಡ್ತಿರೋದನ್ನ ಅವರ ಮುಂದೆ ಹೇಳೋಕೆ ನನಗೆ ನಾಚಿಕೆ ಆಯ್ತು," ಎಂದರು. "ಈಗ ನಾನು ಮಾಡಿದ್ದಕ್ಕೆ ಆಗ್ತಿದೆ."

ಹುಡುಗಿ ಅಳಲಿಲ್ಲ, ಅತ್ತಿದ್ದರೆ ತಾಯಿಗೆ ಅನುಕೂಲವಾಗುತ್ತಿತ್ತು. ಪುಸ್ತಕ ಮುಚ್ಚಿ, "ಸಿಲ್ವೇರಾಗೆ ನೀನೇ ಹೇಳು," ಎಂದಳು. ಮೆಟ್ಟಿಲ ಬಳಿ ತಿರುಗಿ, ಈ ಸಲ ಪೂರ್ತಿ ಕನ್ನಡದಲ್ಲಿ, "ಆಂಟಿಯರಿಗೂ ಹೇಳು," ಎಂದಳು.

ಸಿಲ್ವೇರಾ ಅಂಚಿನ ಬರಹವನ್ನು ಕನ್ನಡಕ ಹಾಕಿಕೊಂಡು ಓದಿದರು. "ನಲವತ್ತೆರಡು ಬಾಳೆಹಣ್ಣು," ಎಂದರು ಮೆಲ್ಲಗೆ. ಕನ್ನಡಕ ತೆಗೆದು, "ನಮ್ಮ ಪೂರ್ವಿಕರ ಪೋರ್ಚುಗೀಸ್ ದ್ವೀಪದಲ್ಲಿ ನನ್ನ ಅಜ್ಜಿ ಹಬ್ಬಕ್ಕೆ ಎತ್ತುಗಳಿಗೆ ಸಿಹಿ ರೊಟ್ಟಿ ಕೊಡುತ್ತಿದ್ದಳಂತೆ. ಒಂದು ತುಂಡು. ಕೊಟ್ಟೆನೆಂದು ಅಜ್ಜನಿಗೆ ಹೇಳಿಯೇ ಕೊಡುತ್ತಿದ್ದಳಂತೆ," ಎಂದರು. ಪುಸ್ತಕವನ್ನು ಹಿಂದಿರುಗಿಸುವಾಗ ಅವರ ದನಿ ಗಟ್ಟಿಯಾಯಿತು. "ಆ ಮಗುವನ್ನು ಇಪ್ಪತ್ತು ಮಕ್ಕಳ ಮುಂದೆ ನಿಲ್ಲಿಸಿದವನು ನಾನು, ಮಿಸೆಸ್ ನಾಥ್. ಅದನ್ನು ನನ್ನಿಂದ ಮಾಡಿಸಿದವರು ನೀವು."

ಜಲಜಾರಿಗೆ ಫೋನು ಮಾಡಲು ಎರಡು ದಿನ ಹಿಡಿಯಿತು.

"ಓ ವೇದಾ! ಹೇಗಿದೆ ನಮ್ಮ ಗೋಮಾತೆ?"

"ಅದು ಹಸುವಲ್ಲ, ಜಲಜಾ. ಹೋರಿ. ಸ್ಪರ್ಧೆಗೆ ಸಾಕಿರೋದು. ಆಮೇಲೆ ಅದನ್ನ ಮಾಂಸಕ್ಕೆ ಹರಾಜು ಹಾಕ್ತಾರೆ. ಮೊದಲಿಂದಲೂ ನನಗೆ ಗೊತ್ತಿತ್ತು. ಅವತ್ತಿನ ಹುಗ್ಗಿಯಿಂದ ಅದಕ್ಕೆ ಕಾಯಿಲೆ ಆಯ್ತು, ತಪ್ಪು ಊರ್ಮಿಳಾ ಮೇಲೆ ಬಂದಾಗ ನಾನು ಸುಮ್ಮನಿದ್ದುಬಿಟ್ಟೆ."

"ಅಯ್ಯೋ ರಾಮ... ನಾವು ಆರತಿ ಎತ್ತಿದ್ವಲ್ರೀ. ನಾನು ಪ್ರದಕ್ಷಿಣೆ ಬಂದೆ. ನ್ಯೂಸ್‌ಲೆಟರ್‌ನಲ್ಲಿ ಹಾಕಿಸಿದೀನಿ!" ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಅಂದಿದ್ರೆ ನಾವು ಬರ್ತಾನೇ ಇರಲಿಲ್ಲ."

"ಅದಕ್ಕೇ ಹೇಳಲಿಲ್ಲ," ಎಂದರು ವೇದವತಿ. ಅಂದು ಅವರು ಆಡಿದ ಮಾತುಗಳಲ್ಲೆಲ್ಲ ಹೆಚ್ಚು ನಿಜವಾದದ್ದು ಅದು. ಫೋನು ಇಟ್ಟ ಮೇಲೆ ಹೆಚ್ಚು ಹೊತ್ತು ಉಳಿದದ್ದೂ ಅದೇ. ಆಮೇಲೆ ಜಲಜಾ ಎದುರಾದಾಗ ಮಾತಾಡಿಸುತ್ತಿದ್ದರು, ಹೆಸರಿನ ಮುಂದೆ 'ಅವರೇ' ಸೇರಿಸಿ.

ಜೂನ್ ಇಪ್ಪತ್ತೆಂಟರ ಬೆಳಿಗ್ಗೆ ಮೇಳದ ಮೈದಾನದಲ್ಲಿ ತೂಕ. ಬಂದವರಲ್ಲಿ ಮರಿತಾಯಮ್ಮನೂ ಒಬ್ಬರು. ಮಗನನ್ನು ಕಾಡಿ ಕಾರಿನಲ್ಲಿ ಕರೆತರಿಸಿಕೊಂಡಿದ್ದರು. "ಜಲಜಮ್ಮ ಎಲ್ಲಾ ಏಳ್ತು," ಎಂದರು ಕಟಕಟೆಯ ಪಕ್ಕ ನಿಂತು. "ನಮ್ಮೂರಲ್ಲೂ ಮುದಿ ಎತ್ತು ಸಂತೆಗೆ ಓಯ್ತವೆ ಕಣವ್ವ. ಎಲ್ಲಿಗೆ ಓಯ್ತದೆ ಅಂತ ಎಲ್ಲಾರ್ಗೂ ಗೊತ್ತು, ಯಾರೂ ಬಾಯಿಬುಡಾಕಿಲ್ಲ. ಅದೇನ್ ದೊಡ್ದಲ್ಲ. ಆದ್ರೆ ಎಣ್ಣು ಮಗೀನ ತಲೆ ಮ್ಯಾಲೆ ಒರಸ್ದೆಯಲ್ಲ, ಅದು ನಂಗೆ ಸರಿ ಬರ್ಲಿಲ್ಲ."

"ನನಗೂ ಬರಲಿಲ್ಲ, ಅಮ್ಮ."

"ಅದ್ನ ಬಾಯಿಬುಟ್ಟು ಏಳಾಕೆ ಆರು ವಾರ ಬೇಕಾಯ್ತಲ್ಲ," ಎಂದರು ಮರಿತಾಯಮ್ಮ.

ಊರ್ಮಿಳಾ ಬಸ್ಟರನನ್ನು ಹಗ್ಗ ಹಿಡಿದು ತಕ್ಕಡಿಗೆ ಹತ್ತಿಸಿದಳು. ಹಸಿರು ಪುಸ್ತಕ ಅವಳ ಕಂಕುಳಲ್ಲಿತ್ತು. ಹಿಂದೆಲ್ಲ ಶನಿವಾರಗಳಲ್ಲಿ ಅಂಕಿಯನ್ನು ಮೊದಲು ಓದುತ್ತಿದ್ದವರು ವೇದವತಿ. ಇಂದು ತಕ್ಕಡಿಯ ಮುಖ ಅವರಿಗೆ ಕಾಣದ ಕಡೆಗಿತ್ತು. ಮಗಳು ಓದಿದಳು, ಪೆನ್ಸಿಲು ತೆಗೆದು ಬರೆದುಕೊಂಡಳು, ಪುಸ್ತಕ ಮುಚ್ಚಿದಳು. ಈ ಕಡೆ ನೋಡಲಿಲ್ಲ. ಸಾವಿರದ ನಾಲ್ಕು ಪೌಂಡು ಎಂಬುದು ವೇದವತಿಗೆ ಗೊತ್ತಾದದ್ದು ಧ್ವನಿವರ್ಧಕದಲ್ಲಿ, ಉಳಿದ ಜನರೊಂದಿಗೆ.

ಬಸ್ಟರನಿಗೆ ಬಿಳಿ ರಿಬ್ಬನ್ ಸಿಕ್ಕಿತು. ನೀಲಿ, ಕೆಂಪುಗಳ ನಂತರದ್ದು. ಸಪೂರವಾದ ಬೆನ್ನು, ಇನ್ನೂ ಎರಡು ತಿಂಗಳ ಮೇವು ಬೇಕಿತ್ತು ಎಂದರು ತೀರ್ಪುಗಾರರು. ಕಾಗದದಲ್ಲಿದ್ದಂತೆಯೇ ಸ್ಪರ್ಧೆಯ ನಂತರ ಅವನು ಹರಾಜಿಗೆ ಹೋದ. ಪುಸ್ತಕಕ್ಕೆ ಬಹುಮಾನ ಬರಲಿಲ್ಲ: ಸದಸ್ಯರಲ್ಲದವರು ಪ್ರಾಣಿಗೆ ಅನುಮತಿಯಿಲ್ಲದ ಮೇವು ಹಾಕಿದ್ದಕ್ಕೆ ನಿಯಮದಂತೆ ಅಂಕ ಕಳೆದಿದ್ದರು. ಅಂಚಿನ ಆ ಬರಹವನ್ನು ಪುಟದಿಂದ ತೆಗೆಯಲು ಕೊನೆಯವರೆಗೂ ಅವಕಾಶವಿತ್ತು, ಊರ್ಮಿಳಾ ಬೇಡವೆಂದಳು ಎಂದು ಸಿಲ್ವೇರಾ ಆಮೇಲೆ ದ್ವಾರಕಾನಾಥರಿಗೆ ಹೇಳಿದರು. ಮುಂದಿನ ಸಭೆಯಲ್ಲಿ ಸಿಲ್ವೇರಾರೇ ಎದ್ದು ನಿಂತು, ಚಿಲಕ ಹಾಕಿತ್ತೆಂದೂ ತಾನು ತಪ್ಪು ತಿಳಿದಿದ್ದೆನೆಂದೂ ಮಕ್ಕಳ ಮುಂದೆ ಹೇಳಿದರು. ಯಾರು ತಿನ್ನಿಸಿದರೆಂದು ಅವರು ಹೇಳಲಿಲ್ಲ. ವೇದವತಿ ಎದ್ದು ಹೇಳಿದರು.

ನವೆಂಬರಿನಲ್ಲಿ ಊರ್ಮಿಳಾ ಎರಡನೆಯ ಹೋರಿ ತಂದಳು. ಬೆಳಗಿನ ಬಸ್ಸನ್ನು ಬಿಟ್ಟು, ಮೇವು ಹಾಕಿ ಶಾಲೆಗೆ ಹೋಗುವಂತೆ ಹೊತ್ತು ಹೊಂದಿಸಿಕೊಂಡಿದ್ದಳು. ಕಾರು ಓಡಿಸುವ ವಯಸ್ಸಿನ್ನೂ ಆಗಿರಲಿಲ್ಲವಾದ್ದರಿಂದ ಅಷ್ಟಕ್ಕೆ ಮಾತ್ರ ತಾಯಿ ಬೇಕಾಗಿತ್ತು. ವೇದವತಿ ಕೊಟ್ಟಿಗೆಯ ಮುಂದೆ ಕಾರು ನಿಲ್ಲಿಸಿ ಒಳಗೇ ಕುಳಿತಿರುತ್ತಿದ್ದರು. ಕೆಳಗಿಳಿ ಎಂದು ಮಗಳು ಅನ್ನುತ್ತಿರಲಿಲ್ಲ. ಇಳಿಯುತ್ತೇನೆಂದು ಇವರು ಕೇಳುತ್ತಿರಲಿಲ್ಲ. ಗಾಜು ಇಳಿಸಿಕೊಂಡರೆ, ತಗಡಿನ ಮೊರ ಕಾಳಿಗೆ ಇಳಿಯುವ ಸದ್ದು ಕೇಳುತ್ತಿತ್ತು. ಒಂದು, ಎರಡು, ಮೂರು. ಆಮೇಲೆ ಚಿಲಕ. ಅವರು ಎಣಿಸುತ್ತಿದ್ದರು. ಬರೆದುಕೊಳ್ಳುತ್ತಿರಲಿಲ್ಲ.